ಮೊದಲು ಕಸ, ಆಮೇಲೆ ರಂಗೋಲಿ

ಭಾನುವಾರ ಬೆಳಿಗ್ಗೆ ಒಂಬತ್ತೂಕಾಲಿಗೆ ಫೋನ್ ಬಡಿದುಕೊಂಡರೆ ನಾನು ಹೆಸರು ನೋಡುವುದಿಲ್ಲ. "ಏನಪ್ಪಾ, ತಿಂಡಿ ಆಯ್ತಾ?" ಎಂಬುದು ಪೀಠಿಕೆ. ಆಯ್ತು ಅಂದರೆ "ಹಾಗಾದ್ರೆ ಬಿಡುವಾಗಿದ್ದೀಯ, ಬಾ". ಇಲ್ಲ ಅಂದರೆ "ಇಲ್ಲೇ ಬಂದು ತಿನ್ನು, ಬಾ". ಹೇಗೆ ಹೇಳಿದರೂ ಕೊನೆಗೆ ಕೂರುವುದು ಮೈಸೂರಿನ ಕುವೆಂಪುನಗರದ ರಾಯರ ಮನೆಯಲ್ಲಿ, ಅವರ ಡೆಸ್ಕ್‌ಟಾಪಿನ ಮುಂದೆ. ನಾನು ಮಾಡಿದ ತಪ್ಪು ಇಷ್ಟೇ: ಐದು ವರ್ಷದ ಕೆಳಗೆ ಅವರ ಮನೆ ವೈಫೈ ಸತ್ತಾಗ ಸ್ವಿಚ್ ಆರಿಸಿ ಮತ್ತೆ ಹಾಕಿದ್ದೆ. ಅದು ಎದ್ದು ಕೂತಿತು. ಅಂದಿನಿಂದ ಆ ಬೀದಿಗೆ ನಾನೇ ಧನ್ವಂತರಿ.

ರಾಯರಂಥವರು ನಿಮ್ಮ ಬಳಗದಲ್ಲೂ ಒಬ್ಬರಿರುತ್ತಾರೆ. ಮನೆಯ ಪ್ರತಿ ಬೀಗದ ಕೈಗೂ ಒಂದು ಚೀಟಿ, ಚೀಟಿಗಳಿಗೆಲ್ಲ ಸೇರಿ ಒಂದು ನೋಟ್‌ಬುಕ್ಕು, ಆ ನೋಟ್‌ಬುಕ್ಕು ಇರುವ ಬೀರುವಿನ ಕೀ ಮಾತ್ರ ಕಾಣೆ. ಅಡುಗೆಮನೆಯ ಡಬ್ಬಿಗಳಿಗೂ ಹೆಸರು ಅಂಟಿಸಿದ್ದರು. ಅಮ್ಮಾವ್ರು ಮೆಂತ್ಯ ಎಂದಿದ್ದ ಡಬ್ಬಿಗೆ ಬೇಕೆಂದೇ ಜೀರಿಗೆ ಸುರಿದ ಮೇಲೆ ಆ ಪ್ರಾಂತ್ಯವನ್ನು ಬಿಟ್ಟುಕೊಟ್ಟರು. ಬ್ಯಾಂಕಿನಲ್ಲಿ 36 ವರ್ಷ ದುಡಿದವರು. ಬೆಳಿಗ್ಗೆ ಟಪಾಲು ಬಂದು, ಆವಕ ವಹಿಯಲ್ಲಿ ದಾಖಲಾಗಿ, ವಿಂಗಡಣೆಯಾಗಿ ಮೇಜಿಗೆ ಬಂದರೇನೇ ಅವರಿಗೆ ದಿನ ಬೆಳಗಾದಂತೆ. ನಿವೃತ್ತಿಯಾದ ಮೇಲೆ ಟಪಾಲಿಲ್ಲ, ಜವಾನನೂ ಇಲ್ಲ. ಉಳಿದದ್ದು ಈ-ಮೇಲು.

ಅದಕ್ಕೆ ಅವರು ಬಳಸುವುದು ಥಂಡರ್‌ಬರ್ಡ್ ಎಂಬ ಈ-ಮೇಲ್ ತಂತ್ರಾಂಶ. ಅದರಲ್ಲಿ ಮೆಸೇಜ್ ಫಿಲ್ಟರ್ ಎಂಬ ಸೌಕರ್ಯವಿದೆ. ಇಂಥವರಿಂದ ಬಂದ ಪತ್ರವನ್ನು ಇಂಥ ಫೋಲ್ಡರಿಗೆ ಹಾಕು, ವಿಷಯದಲ್ಲಿ ಇಂಥ ಪದ ಕಂಡರೆ ಹೀಗೆ ಮಾಡು ಎಂದು ಒಮ್ಮೆ ಬರೆದಿಟ್ಟರೆ ಮುಂದಿನದೆಲ್ಲ ತಾನಾಗಿ ನಡೆಯುತ್ತದೆ. ನಮ್ಮ ನಿಮ್ಮಂಥವರು ಎರಡೋ ಮೂರೋ ಬರೆದು ಮರೆತುಬಿಡುತ್ತೇವೆ. ರಾಯರು ಬರೆದದ್ದು 47. ದಿನಕ್ಕೆ ಬರುವ ಪತ್ರ ಹೆಚ್ಚೆಂದರೆ ಹನ್ನೆರಡು. ಅದರಲ್ಲಿ ಒಂಬತ್ತು ಸಾಲ ಕೊಡುತ್ತೇವೆ ಅನ್ನುವವರದು. 'ಸೂಕ್ತ ಕ್ರಮಕ್ಕಾಗಿ' ಎಂಬ ಫೋಲ್ಡರ್ ಕೂಡ ಇದೆ. ಅದರಲ್ಲಿ ಏನೂ ಇಲ್ಲ.

ನಾನೇನೂ ಸಾಚಾ ಅಲ್ಲ. ನನ್ನ ಇನ್‌ಬಾಕ್ಸಿನಲ್ಲಿ ಓದದ ಪತ್ರಗಳೇ ಹನ್ನೊಂದು ಸಾವಿರ ಇವೆ. ಅವರದು ವಸ್ತುಸಂಗ್ರಹಾಲಯವಾದರೆ ನನ್ನದು ತಿಪ್ಪೆ. ತಿಪ್ಪೆಯಲ್ಲಿ ಕೆದಕಿದರೆ ಏನಾದರೂ ಸಿಗುತ್ತದೆ ಎಂಬುದಷ್ಟೇ ನನ್ನ ಸಮಾಧಾನ.

ಆವತ್ತಿನ ದೂರು ವಿಚಿತ್ರವಾಗಿತ್ತು. "ಅಶ್ವಿನಿ ಮೇಲು ಬೆಳಿಗ್ಗೆ ಫೋನಿನಲ್ಲಿ ಕಾಣಿಸುತ್ತೆ ಕಣಪ್ಪಾ. ಸಣ್ಣ ಅಕ್ಷರ ಯಾಕೆ, ಸ್ನಾನ ಪೂಜೆ ಮುಗಿಸಿ ಕಂಪ್ಯೂಟರಿನಲ್ಲೇ ಓದೋಣ ಅಂತ ಬಿಡ್ತೀನಿ. ಹತ್ತು ಗಂಟೆಗೆ ಕಂಪ್ಯೂಟರ್ ಹಾಕ್ತೀನಿ, ಇಲ್ಲ. ಫೋನ್ ನೋಡಿದ್ರೆ ಅಲ್ಲೂ ಇಲ್ಲ!" ಅಶ್ವಿನಿ ಅವರ ಮಗಳು, ಮೆಲ್ಬರ್ನ್‌ನಲ್ಲಿದ್ದಾಳೆ. ವಾಟ್ಸಾಪ್‌ನಲ್ಲಿ ಹೇಳಿದ್ದಕ್ಕೆ ದಾಖಲೆಯಿಲ್ಲ ಎಂದು ಅಪ್ಪ ಹಠ ಹಿಡಿದದ್ದಕ್ಕೆ ಪಾಪ ಆ ಹುಡುಗಿ ಮೊಮ್ಮಗನ ಹಲ್ಲು ಬಿದ್ದ ಸುದ್ದಿಯನ್ನೂ ಈ-ಮೇಲಿನಲ್ಲೇ ಬರೆಯುತ್ತಾಳೆ.

ರಾಯರು ದನಿ ತಗ್ಗಿಸಿದರು. "ನನಗೆ ಅಳಿಯನ ಮೇಲೇ ಅನುಮಾನ. ಅವನಿಗೆ ಇದೆಲ್ಲ ಗೊತ್ತು. ಅವಳು ಕಳಿಸ್ತಾಳೆ, ಇವನು ಹಿಂದಕ್ಕೆ ಎಳ್ಕೋತಾನೆ." ಈ ಅನುಮಾನದ ಮೇಲೆಯೇ ಮೂರು ವಾರದಿಂದ ಅಳಿಯನ ಜೊತೆ ಮಾತು ಬಿಟ್ಟಿದ್ದರು. ಅಳಿಯನಿಗೆ ಅದಿನ್ನೂ ತಿಳಿದಿರಲಿಲ್ಲ, ಅಷ್ಟೆ.

ಅಳಿಯ ನಿರಪರಾಧಿ ಎಂಬುದು ನನಗೆ ಅರ್ಧ ಇಡ್ಲಿ ಮುಗಿಯುವುದರೊಳಗೇ ಹೊಳೆಯಿತು. ಥಂಡರ್‌ಬರ್ಡಿನ ಫಿಲ್ಟರುಗಳು ಓಡುವುದು ಆ ಕಂಪ್ಯೂಟರ್ ಚಾಲೂ ಇದ್ದು, ಥಂಡರ್‌ಬರ್ಡ್ ತೆರೆದಾಗ ಮಾತ್ರ. ಅಲ್ಲಿಯವರೆಗೆ ಪತ್ರ ಸರ್ವರಿನ ಇನ್‌ಬಾಕ್ಸಿನಲ್ಲೇ ಇರುತ್ತದೆ, ಫೋನಿಗೂ ಕಾಣುತ್ತದೆ. ಹತ್ತಕ್ಕೆ ರಾಯರು ಗುಂಡಿ ಒತ್ತಿದ ಕೂಡಲೇ 47 ಪಹರೆಯವರು ಎದ್ದು ಎಲ್ಲವನ್ನೂ ಎತ್ತಿಕೊಂಡು ಹೋಗುತ್ತಾರೆ. ಹಾಗಾದರೆ ಕಳ್ಳ ಮನೆಯೊಳಗೇ ಇದ್ದಾನೆ. 47ರಲ್ಲಿ ಯಾರು ಎಂಬುದೊಂದೇ ಪ್ರಶ್ನೆ.

ಇದನ್ನು ಪತ್ತೆ ಮಾಡಲು ಒಂದು ದಾರಿಯಿದೆ: ಫಿಲ್ಟರ್ ಲಾಗ್. ಯಾವ ಫಿಲ್ಟರ್ ಯಾವ ಪತ್ರವನ್ನು ಎಲ್ಲಿಗೆ ಒಯ್ದಿತು ಎಂದು ಅದು ಸಾಲು ಸಾಲಾಗಿ ಬರೆದಿಡುತ್ತದೆ. ಆದರೆ ನಾವು ಮೊದಲು ಅದಕ್ಕೆ ಟಿಕ್ ಹಾಕಿ ಚಾಲೂ ಮಾಡಿರಬೇಕು. ಕೀಗಳ ಪಟ್ಟಿ ಬರೆಯುವ ಮನುಷ್ಯ ಆ ಒಂದು ಟಿಕ್ ಹಾಕಿರಲಿಲ್ಲ. ಹಾಕಿದೆ. ಅಶ್ವಿನಿಗೆ ಫೋನ್ ಮಾಡಿ, "ಒಂದು ಖಾಲಿ ಮೇಲ್ ಕಳಿಸಮ್ಮಾ" ಎಂದೆ. ಅಮ್ಮಾವ್ರು ಕಾಫಿ ತಂದವರು ಅಲ್ಲೇ ನಿಂತರು. ಮೂವರೂ ಪರದೆಯನ್ನೇ ನೋಡುತ್ತಿದ್ದೆವು. ದಪ್ಪ ಅಕ್ಷರದಲ್ಲಿ ಅಶ್ವಿನಿಯ ಹೆಸರು ಮೂಡಿತು, ಕಣ್ಣು ಮಿಟುಕಿಸುವುದರೊಳಗೆ ಹೋಯಿತು. ಲಾಗ್ ತೆರೆದೆ. ಅಶ್ವಿನಿಯಿಂದ ಬಂದ ಪತ್ರಕ್ಕೆ 'ಲಾಟರಿ ಮತ್ತು ಇತರೆ ಕಸ' ಎಂಬ ಫಿಲ್ಟರ್ ಅನ್ವಯವಾಗಿದೆ ಎಂದಿತ್ತು.

ಅಮ್ಮಾವ್ರು ಲೋಟವನ್ನು ಮೇಜಿನ ಮೇಲೆ ಸ್ವಲ್ಪ ಜೋರಾಗಿಯೇ ಇಟ್ಟರು. "ಈ ಮನೇಲಿ ಎರಡು ಫಿಲ್ಟರ್ ಇದೆ. ನನ್ನದರಲ್ಲಿ ಚರಟ ಮೇಲೆ ಉಳಿದು ಡಿಕಾಕ್ಷನ್ ಕೆಳಗಿಳಿಯುತ್ತೆ. ಇವರದರಲ್ಲಿ ಉಲ್ಟಾ."

ಆ ಫಿಲ್ಟರನ್ನು ಬಿಚ್ಚಿ ನೋಡಿದೆ. 'ನೀವು ಗೆದ್ದಿದ್ದೀರಿ' ಎಂದು ಕಾಡುವ ಪತ್ರಗಳನ್ನು ಹಿಡಿಯಲು ರಾಯರು ಬರೆದಿದ್ದರು: ಕಳಿಸಿದವರ ಹೆಸರಿನಲ್ಲೋ ವಿಷಯದಲ್ಲೋ 'ವಿನ್' ಇದ್ದರೆ ಹಿಡಿ. ಡಬ್ಲ್ಯೂ, ಐ, ಎನ್. 'ಕಂಟೇನ್ಸ್' ಎಂದು ಕೊಟ್ಟರೆ ಥಂಡರ್‌ಬರ್ಡ್ ಇಡೀ ಪದವನ್ನೇ ಹುಡುಕುವುದಿಲ್ಲ; ಆ ಮೂರು ಅಕ್ಷರ ಒತ್ತಾಗಿ ಎಲ್ಲಿದ್ದರೂ ಸಾಕು. ಅಶ್ವಿನಿಯನ್ನು ಇಂಗ್ಲಿಷಿನಲ್ಲಿ ಬರೆದು ನೋಡಿ: ಎ, ಎಸ್, ಎಚ್ ಆದಮೇಲೆ ಡಬ್ಲ್ಯೂ, ಐ, ಎನ್. ಮಗಳ ಹೊಟ್ಟೆಯಲ್ಲಿ ಲಾಟರಿ!

ಜಾಹೀರಾತು ಹಿಡಿಯಲು ಇನ್ನೊಂದು ಸಾಲಿತ್ತು: 'ಎ, ಡಿ'. ಅದನ್ನು ಕಂಡು ನಾನೇ ಬೆವತೆ. ಆಧಾರ್‌ನಲ್ಲಿ ಎ-ಡಿ ಇದೆ. ಹೈದರಾಬಾದಿನಲ್ಲಿದೆ, ಪ್ರಸಾದನಲ್ಲಿದೆ. ಧಾರವಾಡ ಊರಿಗೆ ಊರೇ ಎ-ಡಿಯಲ್ಲಿ ಮುಗಿಯುತ್ತದೆ. ಸಾಲದ್ದಕ್ಕೆ 'ಎಲ್ಲ ಷರತ್ತೂ ಹೊಂದಿದರೆ' ಎನ್ನುವ ಬದಲು 'ಯಾವುದಾದರೂ ಒಂದು ಹೊಂದಿದರೆ' ಎಂದು ಆರಿಸಿದ್ದರು. ಅದರ ಮೇಲೆ 'ಓದಿದೆ ಎಂದು ಗುರುತು ಹಾಕು' ಎಂಬ ಆಜ್ಞೆ ಬೇರೆ, ಹಾಗಾಗಿ ಕಸದ ಫೋಲ್ಡರಿನಲ್ಲಿ ಹೊಸತೇನೋ ಬಿದ್ದಿದೆ ಎಂಬ ಸೂಚನೆಯೂ ಇಲ್ಲ. 'ಕುಟುಂಬ' ಎಂಬ ಫಿಲ್ಟರ್ ಇತ್ತು, ಅಶ್ವಿನಿಯ ವಿಳಾಸ ಅದರಲ್ಲಿ ಸರಿಯಾಗಿಯೇ ಇತ್ತು. ಆದರೆ ಅದು 31ನೆಯ ಸಾಲಿನಲ್ಲಿ. ಪಟ್ಟಿಯಲ್ಲಿ ಮೇಲಿರುವುದೇ ಮೊದಲು ಓಡುವುದು. ಕಸವನ್ನು ರಾಯರು ಒತ್ತಿ ಒತ್ತಿ ಎರಡನೆಯ ಸ್ಥಾನಕ್ಕೆ ಏರಿಸಿದ್ದರು.

"ಯಾಕೆ ಸಾರ್?"

"ಮೊದಲು ಕಸ ಗುಡಿಸಿ ಆಮೇಲೆ ರಂಗೋಲಿ ಹಾಕ್ತಾರೋ, ಇಲ್ಲ ಉಲ್ಟಾನೋ?"

ಥಂಡರ್‌ಬರ್ಡಿನ ತಪ್ಪೇನೂ ಇಲ್ಲ. ಹೇಳಿದ್ದನ್ನು ಹೇಳಿದ ಹಾಗೇ ಮಾಡುವ ನೌಕರ ಅದು. ಅಂಥ ನೌಕರ ಸಿಗಲಿ ಎಂದೇ ರಾಯರು 36 ವರ್ಷ ಹಾರೈಸಿದ್ದರು. ನೀವು 'ಜಂಕ್' ಎಂದು ತೋರಿಸಿದ್ದನ್ನು ನೋಡಿ ನೋಡಿ ಕಲಿಯುವ ಶಕ್ತಿಯೂ ಅದಕ್ಕಿದೆ. ಅದನ್ನು ಹಾಕೋಣ ಅಂದರೆ ರಾಯರು ಒಪ್ಪುವುದಿಲ್ಲ. "ತಾನೇ ಕಲಿಯೋ ಕೈಕೆಳಗಿನವರನ್ನ ನಂಬಬಾರದು. ಲಿಖಿತ ಆದೇಶ ಇರಬೇಕು." ಕಸದ ಚರಿತ್ರೆಯಂತೂ ಅವರಿಗೆ ಬಾಯಿಪಾಠ. 1978ರ ಮೇ 3ರಂದು ಅಮೆರಿಕದಲ್ಲಿ ಡಿಇಸಿ ಕಂಪನಿಯ ಮಾರಾಟದವನೊಬ್ಬ ಅರ್ಪಾನೆಟ್ ಜಾಲದ ಸುಮಾರು 400 ಮಂದಿಗೆ ಒಂದೇ ಜಾಹೀರಾತು ಕಳಿಸಿದನಂತೆ, ಅದೇ ಮೊದಲ ಸ್ಪ್ಯಾಮು. "ಅದೇ ವರ್ಷ ನಾನು ಬ್ಯಾಂಕ್ ಸೇರಿದ್ದು" ಎಂದು ಸೇರಿಸುತ್ತಾರೆ, ಎರಡಕ್ಕೂ ಏನೋ ನಂಟಿದೆ ಎಂಬಂತೆ.

ಮುಖ ಸಪ್ಪಗಾಗಿತ್ತು. ಸಮಾಧಾನಕ್ಕೆಂದು ನಾನು ಇಂಗ್ಲೆಂಡಿನ ಸ್ಕನ್‌ಥೋರ್ಪ್ ಕತೆ ಹೇಳಿದೆ. 1996ರಲ್ಲಿ ಆ ಊರಿನವರಿಗೆ ಎಒಎಲ್ ಎಂಬ ಇಂಟರ್‌ನೆಟ್ ಕಂಪನಿಯಲ್ಲಿ ಖಾತೆ ತೆರೆಯಲಾಗಲಿಲ್ಲ. ಊರ ಹೆಸರಿನ ಅಕ್ಷರಗಳ ನಡುವೆ ಒಂದು ಕೊಳಕು ಬೈಗುಳ ಅಡಗಿತ್ತು, ಫಿಲ್ಟರ್ ಹಿಡಿದುಹಾಕಿತ್ತು. ದೊಡ್ಡ ದೊಡ್ಡ ಕಂಪನಿಗೇ ಹೀಗಾಗಿದೆ ಸಾರ್ ಎಂದೆ. ಅವರು ಕೇಳಿಸಿಕೊಳ್ಳುತ್ತಿರಲಿಲ್ಲ. ಕಸದ ಫೋಲ್ಡರ್ ತೆರೆದು ಓದುತ್ತಿದ್ದರು.

ಲಾಟರಿಗಳ ನಡುವೆ ಅಶ್ವಿನಿಯ ಹತ್ತೊಂಬತ್ತು ಪತ್ರಗಳಿದ್ದವು. ಧಾರವಾಡದ ಭಾವಮೈದುನನ ಷಷ್ಟ್ಯಬ್ದಿಯ ಆಮಂತ್ರಣವಿತ್ತು, ತಾರೀಖು ಮುಗಿದು ನಾಲ್ಕು ತಿಂಗಳಾಗಿತ್ತು. ಪ್ರಸಾದ್ ಎಂಬ ಹಳೆಯ ಸಹೋದ್ಯೋಗಿಯ ಐದು ಪತ್ರಗಳಿದ್ದವು, ಒಂದಕ್ಕಿಂತ ಒಂದು ಚಿಕ್ಕದು. ಕೊನೆಯದರಲ್ಲಿ ಒಂದೇ ಸಾಲು: ನನ್ನಿಂದೇನಾದರೂ ತಪ್ಪಾಯಿತೇ ರಾಯರೇ?

ಬಹಳ ಹೊತ್ತು ಯಾರೂ ಮಾತಾಡಲಿಲ್ಲ. ಯುಪಿಎಸ್ ಮಾತ್ರ ತನ್ನ ಪಾಡಿಗೆ ಕೀಂ ಎನ್ನುತ್ತಿತ್ತು. ಟಪಾಲಿಗಾಗಿ ಇಷ್ಟು ಕಾದ ಮನುಷ್ಯ, ಬಂದ ಟಪಾಲನ್ನೆಲ್ಲ ತಾನೇ ಬಾಗಿಲಲ್ಲಿ ನಿಲ್ಲಿಸಿ ವಾಪಸು ಕಳಿಸಿದ್ದರಲ್ಲ ಎಂದು ನನಗೂ ಗಂಟಲು ಕಟ್ಟಿತು. ಅಷ್ಟರಲ್ಲಿ ರಾಯರು ಕನ್ನಡಕ ಒರೆಸಿಕೊಂಡು ನನ್ನ ಕಡೆ ತಿರುಗಿ, "ಈ ಪ್ರಸಾದನಿಗೆ ಒಂದು ಪ್ರತ್ಯೇಕ ಫೋಲ್ಡರ್ ಮಾಡಿಬಿಡೋಣವಾ?" ಎಂದರು. ಕಟ್ಟಿದ ಗಂಟಲು ಸಡಿಲವಾಯಿತು.

ವಿನ್ ಸಾಲನ್ನು ಅಳಿಸಿದೆ. ಕುಟುಂಬವನ್ನು ಒಂದನೆಯ ಸ್ಥಾನಕ್ಕೆ ಏರಿಸಿದೆ. ಜಂಕ್ ಗುರುತಿಸುವುದನ್ನು ಅವರು ಬಚ್ಚಲಿಗೆ ಹೋದಾಗ ಗುಟ್ಟಾಗಿ ಚಾಲೂ ಮಾಡಿದೆ. ಆದರೆ ಎ-ಡಿ ಸಾಲನ್ನು ಬಿಡಲು ಅವರು ಸುತರಾಂ ಒಪ್ಪಲಿಲ್ಲ. ಜಾಹೀರಾತಿನ ಕಾಟ ನಿನಗೆ ಗೊತ್ತಿಲ್ಲ ಎಂದರು. ಪ್ರಸಾದರೊಬ್ಬರಿಗೆ ವಿನಾಯಿತಿ ಬರೆದುಕೊಟ್ಟು ಬಂದಿದ್ದೇನೆ. ಆದ್ದರಿಂದ ಧಾರವಾಡದ ಓದುಗರಲ್ಲಿ, ಹೈದರಾಬಾದ್, ಅಹಮದಾಬಾದ್ ಕಡೆಯವರಲ್ಲೂ, ಒಂದು ವಿನಂತಿ: ಮೈಸೂರಿನ ಹಿರಿಯರೊಬ್ಬರು ನಿಮ್ಮ ಮೇಲಿಗೆ ಉತ್ತರ ಬರೆಯದಿದ್ದರೆ ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ಫೋನ್ ಮಾಡಿ. ಹತ್ತು ಗಂಟೆಯೊಳಗೆ ಮಾಡಿದರೆ ಒಳ್ಳೆಯದು.