ಇಂಚು, ಸೆಂಟಿನ ಲೆಕ್ಕ

"ನಿಮ್ಗೇನು ಬಿಡಿ, ಅದೃಷ್ಟವಂತರು" ಅಂದರು ಬೇಲಿಯಾಚೆಯ ಗೌಡ್ರು. ರಾತ್ರಿ ಬಿದ್ದ ಮಳೆ ನಮ್ಮಲ್ಲಿ ಒಂದು ಇಂಚು ಹತ್ತು ಸೆಂಟು. ಅವರಲ್ಲಿ ಬರೀ ನಲವತ್ತು ಸೆಂಟು. ನೂರು ಸೆಂಟು ಸೇರಿದರೆ ಒಂದು ಇಂಚು. ನಡುವೆ ಇರೋದು ಒಂದು ಗುಡ್ಡ, ಒಂದು ಬೇಲಿ.

ಫೆಬ್ರವರಿ, ಮಾರ್ಚ್ ಬಂತೆಂದರೆ ನಮ್ಮ ಮಲೆನಾಡಿನ ಕಾಫಿ ತೋಟಗಳಲ್ಲಿ ಬೇರೆ ಮಾತೇ ಇಲ್ಲ. ರೊಬಸ್ಟಾಕ್ಕೆ ಇಂಚಿನಷ್ಟು ಹೂಮಳೆ ಬಿದ್ದರೆ ಎಂಟ್ಹತ್ತು ದಿನಕ್ಕೆ ತೋಟವೆಲ್ಲ ಬೆಳ್ಳಗೆ, ಘಮಘಮ. ಅರೆಬರೆ ಬಿದ್ದರೆ ಮೊಗ್ಗು ಸರಿಯಾಗಿ ಬಿರಿಯದೆ ಅಲ್ಲೇ ಕಮರುತ್ತೆ. ಅರಳಿದ ದಿನವೇ ಮತ್ತೆ ಹೊಡೆದರೂ ಕಷ್ಟ. ರೊಬಸ್ಟಾ ತನ್ನ ಪರಾಗದಿಂದ ತಾನೇ ಕಾಯಿ ಕಟ್ಟೋ ಜಾತಿಯಲ್ಲ, ಗಾಳಿಯೋ ಜೇನೋ ಪಕ್ಕದ ಗಿಡದ್ದು ತಂದುಕೊಡಬೇಕು. ಆಮೇಲೆ ಕಟ್ಟಿದ ಕಾಯಿ ನಿಲ್ಲೋಕೆ ಎರಡು ಮೂರು ವಾರದೊಳಗೆ ಬ್ಯಾಕಿಂಗ್ ಮಳೆಯೂ ಬರಬೇಕು. ಇಷ್ಟೆಲ್ಲ ಮೇಲಿನವನ ಕೈಯಲ್ಲಿರುವಾಗ ನನ್ನ ಕಸಿ, ಮರಗಸಿ, ಗೊಬ್ಬರವನ್ನು ಕೇಳೋರು ಯಾರು?

ಆದರೂ ಗೌಡ್ರ ಮಾತು ಚುಚ್ಚಿತು. ತಿರುಗಿ ಅನ್ನೋ ಹಾಗೂ ಇರಲಿಲ್ಲ. ಹೋದ ವರ್ಷ ಮಳೆ ಅವರ ಕಡೆ ಬಿದ್ದಾಗ ಇದೇ ಬೇಲಿಗೆ ಒರಗಿ ನಾನೂ ಇದನ್ನೇ ಅಂದಿದ್ದೆ. ಪಕ್ಕದವನ ಫಸಲು ಅದೃಷ್ಟ, ನಮ್ಮದು ದುಡಿಮೆ; ನಷ್ಟವಾದರೆ ಮಾತ್ರ ನಮ್ಮದೂ ಹಣೆಬರಹ.

2024ರಲ್ಲಿ ರೊಬಸ್ಟಾ ಚೆರ್ರಿ ಐವತ್ತು ಕೆ.ಜಿ. ಮೂಟೆಗೆ ಹತ್ತು ಸಾವಿರ ದಾಟಿತಲ್ಲ, ಆಗ ಊರಲ್ಲಿ ದಡ್ಡರೇ ಇರಲಿಲ್ಲ. "ಕಾಫಿ ಕಿತ್ತು ಅಡಿಕೆ ಹಾಕು ಅಂದ್ರು, ನಾನು ಹಾಕ್ಲಿಲ್ಲ ನೋಡಿ" ಅಂತ ಗೌಡ್ರು ಮೀಸೆ ತಿರುವಿದ್ದರು. ಬೆಲೆ ಏರಲು ದೊಡ್ಡ ಕಾರಣ ವಿಯೆಟ್ನಾಂನ ಬರ. ಅಲ್ಲೂ ನಮ್ಮಂಥವನೊಬ್ಬ ಬತ್ತಿದ ಕೆರೆಯ ದಡದಲ್ಲಿ ಪಂಪು ಇಟ್ಟುಕೊಂಡು ಕೂತಿರಬೇಕು. ಅವನೇನು ನಮಗಿಂತ ಕಡಿಮೆ ದುಡಿದಿದ್ದನೇ? ಗೌಡ್ರಿಗೂ ಇದನ್ನೇ ಅಂದೆ.

"ಹಂಗಾದ್ರೆ ದುಡಿಯೋದೇ ಬೇಡ್ವಾ?" ಅಂದರು ಗೌಡ್ರು. ಬೇಡ ಅಂತ ಅವರೆದುರು ಹೇಗೆ ಹೇಳ್ಲಿ? ಹೋದ ಬೇಸಿಗೆ ಅವರು ಜೆಸಿಬಿ ತರಿಸಿ ಕೆರೆ ಹೂಳು ಎತ್ತಿಸುವಾಗ, ಇವರಿಗೆ ದುಡ್ಡು ಹೆಚ್ಚಾಗಿದೆ ಅಂತ ಮನೇಲಿ ನಕ್ಕವನು ನಾನು. ಈಗ ಉಳಿದ ಅರವತ್ತು ಸೆಂಟನ್ನು ಅವರು ಸ್ಪ್ರಿಂಕ್ಲರ್‌ನಲ್ಲೇ ತುಂಬಿಸುತ್ತಾರೆ. ನಮ್ಮ ಕೆರೆಯಲ್ಲಿ ಎಮ್ಮೆ ಮೇಯುತ್ತಿದೆ.

"ಪೈಪು ನಾಲ್ಕು ಕಮ್ಮಿ ಬಿತ್ತು, ನಿಮ್ದು ಸುಮ್ನೆ ಬಿದ್ದಿವೆಯಲ್ಲ?"

"ಹತ್ತು ತಗೊಂಡು ಹೋಗಿ ಗೌಡ್ರೇ" ಅಂದೆ. ಬ್ಯಾಕಿಂಗ್ ಮಳೆ ಕೈಕೊಟ್ಟರೆ ನನಗೆ ಗತಿ ಅವರ ಕೆರೆಯೇ.