ನಿವೃತ್ತೋಪದೇಶ ಮೀಮಾಂಸೆ: ಬೆಂಗಳೂರಿನ ಕೆರೆಗಳ ದೃಷ್ಟಾಂತ ಸಹಿತ

ಹವಾಮಾನದ ಹೊಡೆತವನ್ನು ಊರು ತಾಳಿಕೊಳ್ಳುವುದು ಹೇಗೆ ಎಂದು ಸಂಶೋಧನೆ ನಡೆಸುವ ವಿಶ್ವವಿದ್ಯಾಲಯಕ್ಕೆ ಮಳೆಮಾಪಕ, ಕಂಪ್ಯೂಟರ್, ಸಂಶೋಧನಾ ವಿದ್ಯಾರ್ಥಿ ಇವು ಮೂರೇ ಸಾಲವೆಂದೂ, ನಾಲ್ಕನೆಯದಾಗಿ ಸಲಹಾ ಮಂಡಳಿ ಬೇಕೆಂದೂ ಆಧುನಿಕರ ಮತ. ಈ ಮಂಡಳಿಯಲ್ಲಿ ಕೂರುವ ಜೀವಿಗೆ ‘ಮಾಜಿ’ ಎಂದು ಹೆಸರು. ಮಾಜಿ ಮಂತ್ರಿ, ಮಾಜಿ ಮೇಯರ್, ಮಾಜಿ ಆಯುಕ್ತ, ಮಾಜಿ ಕಾರ್ಯದರ್ಶಿ ಎಂದು ನಾಲ್ಕು ಪ್ರಭೇದ. ಹಾಲಿಗಳಿಗೆ ಪುರುಸೊತ್ತಿಲ್ಲವಾದ್ದರಿಂದ ಅವರು ಈ ಗ್ರಂಥದ ವ್ಯಾಪ್ತಿಗೆ ಬರುವುದಿಲ್ಲ. ಮಾಜಿಯ ಲಕ್ಷಣ ಹೀಗೆ: ಪೆನ್ನು ಕೈಯಲ್ಲಿರುವಷ್ಟು ದಿನ ಬಾಯಿ ಕಟ್ಟಿರುತ್ತದೆ, ಪೆನ್ನು ಹೋದ ಮರುದಿನ ಬಾಯಿ ಬಿಚ್ಚುತ್ತದೆ. ಇದಕ್ಕೆ ಸಹಿ-ಸಲಹೆಗಳ ವಿಲೋಮ ನಿಯಮವೆಂದು ಹೆಸರಿಟ್ಟಿದ್ದೇವೆ.

ಅಧಿಕಾರವಿದ್ದಾಗ ಮಾಡದ್ದನ್ನು ಈಗೇಕೆ ಹೇಳುತ್ತಾರೆ ಎಂಬುದು ಪೂರ್ವಪಕ್ಷ. ಇದು ಅಜ್ಞರ ಆಕ್ಷೇಪ. ನೀರು ಹರಿಯುವ ದಾರಿ ಯಾರಿಗೆ ಚೆನ್ನಾಗಿ ಗೊತ್ತಿರುತ್ತದೆ? ಅದಕ್ಕೆ ಅಡ್ಡಲಾಗಿ ನಕ್ಷೆ ಮಂಜೂರು ಮಾಡಿದವರಿಗೇ ಅಲ್ಲವೆ! ಇಲ್ಲೊಂದು ಕೆರೆಯಿತ್ತು ಎಂಬುದನ್ನು ಭೂವಿಜ್ಞಾನಿ ಮಣ್ಣು ಕೊರೆದು ತಿಳಿಯಬೇಕು. ಮಾಜಿಗೆ ಅದು ಬಾಯಿಪಾಠ. ಧರ್ಮಾಂಬುಧಿ ಕೆರೆ ಮೆಜೆಸ್ಟಿಕ್ ಬಸ್ ನಿಲ್ದಾಣವಾದದ್ದು, ಸಂಪಂಗಿ ಕೆರೆ ಕಂಠೀರವ ಕ್ರೀಡಾಂಗಣವಾದದ್ದು, ಅಕ್ಕಿತಿಮ್ಮನಹಳ್ಳಿ ಕೆರೆ ಹಾಕಿ ಮೈದಾನವಾದದ್ದು, ಎಲ್ಲವನ್ನೂ ಒಂದೇ ಉಸಿರಿಗೆ ಒಪ್ಪಿಸುತ್ತಾರೆ.

ಬಾಯಿಮಾತಿಗೆ ನಿಲ್ಲದೆ ಬರೆದುಕೊಟ್ಟ ಅಪವಾದಗಳೂ ಉಂಟು, ಮರೆಮಾಚುವಂತಿಲ್ಲ. 1980ರ ದಶಕದಲ್ಲಿ ಹಿರಿಯ ಆಡಳಿತಗಾರ ಎನ್. ಲಕ್ಷ್ಮಣರಾವ್ ಅವರ ಸಮಿತಿ, ಉಳಿದ ಕೆರೆಗಳನ್ನು ಒಡೆಯಬೇಡಿ, ಒತ್ತುವರಿ ಬಿಡಿಸಿ, ಕೊಳಚೆ ಬಿಡಬೇಡಿ ಎಂದು ನೇರವಾಗಿ ಬರೆಯಿತು. ಸರ್ಕಾರ ಅದನ್ನು ಒಪ್ಪಿಕೊಂಡಿತು ಕೂಡ. ನಿವೃತ್ತ ಹಿರಿಯ ಅಧಿಕಾರಿ ವಿ. ಬಾಲಸುಬ್ರಮಣಿಯನ್ ಸರ್ಕಾರಿ ಭೂಮಿಯ ಒತ್ತುವರಿ ಕುರಿತು 2011ರಲ್ಲಿ ಕೊಟ್ಟ ವರದಿಯ ತಲೆಬರಹದಲ್ಲೇ ದುರಾಸೆಯೂ ಶಾಮೀಲೂ ಇದ್ದವು. ಇಂಥ ಸಲಹೆಗಳ ತಾಳಿಕೆ ಅಸಾಧಾರಣವಾದದ್ದು. ಎಷ್ಟು ಮುಂಗಾರು ಬಂದು ಹೋದರೂ ವರದಿಯ ಒಂದು ಹಾಳೆಯೂ ಒದ್ದೆಯಾಗಿಲ್ಲ, ಏಕೆಂದರೆ ಕಪಾಟುಗಳು ಯಾವಾಗಲೂ ಮಹಡಿಯ ಮೇಲಿರುತ್ತವೆ. ಈ ಒಂದು ಅಂಶದಲ್ಲಿ ನಮ್ಮ ಆಡಳಿತ ಹವಾಮಾನಕ್ಕೆ ಪೂರ್ಣ ಸಜ್ಜಾಗಿದೆ.

ಇನ್ನು ಪಂಥಭೇದ. ರಾಜಕಾಲುವೆಯ ಪಕ್ಕ ಕಟ್ಟಡವಿಲ್ಲದೆ ಬಿಡಬೇಕಾದ ಜಾಗವನ್ನು ಎಲ್ಲಿಂದ ಅಳೆಯಬೇಕು? 2015ರ ಹೆಸರು ಹೊತ್ತು 2007ರಲ್ಲೇ ಬಂದ ಮಹಾಯೋಜನೆ ಕಾಲುವೆಯ ನಡುವಿನಿಂದ ಎಂದಿತು. ದರ್ಜೆಗೆ ತಕ್ಕಂತೆ 50, 25, 15 ಮೀಟರ್. ಇದು ಮಧ್ಯವಾದ. 2016ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಾಧಿಕರಣ ಅಂಚಿನಿಂದ ಎಂದು ಸಾರಿ 50, 35, 25 ಮಾಡಿತು. ಕೆರೆಗಾದರೆ 75 ಮೀಟರ್. ಇದು ಅಂಚುವಾದ. 2019ರಲ್ಲಿ ಸುಪ್ರೀಂ ಕೋರ್ಟ್ ಆ ಆದೇಶವನ್ನು ರದ್ದು ಮಾಡಿದ್ದರಿಂದ ಮಧ್ಯವಾದಿಗಳಿಗೆ ಜಯವಾಯಿತು. ಅಗಲವಾದ ಕಾಲುವೆಯಲ್ಲಿ ನಡುವಿನಿಂದ ಅಳೆದರೆ ಬಿಡಬೇಕಾದ ಜಾಗದಲ್ಲಿ ಒಂದಷ್ಟು ಕಾಲುವೆಯೊಳಗೇ ಸೇರಿಹೋಗುತ್ತದೆ ಎಂಬುದು ಈ ದರ್ಶನದ ಸೊಗಸು. 2022ರ ಸೆಪ್ಟೆಂಬರಿನಲ್ಲಿ ಮಾತ್ರ ಎರಡೂ ಪಂಥಗಳಿಗೆ ಸೇರದ ನೀರು ಹೊರವರ್ತುಲ ರಸ್ತೆಯ ಆಸುಪಾಸಿನ ಬಡಾವಣೆಗಳಿಗೆ ನುಗ್ಗಿತು. ಐಟಿ ಉದ್ಯೋಗಿಗಳು ಟ್ರ್ಯಾಕ್ಟರ್ ಹತ್ತಿ ಕಚೇರಿಗೆ ಹೋದರು. ಟ್ರ್ಯಾಕ್ಟರನ್ನು ಸಲಹಾ ಮಂಡಳಿಗೆ ನಾಮನಿರ್ದೇಶನ ಮಾಡದಿರುವುದು ಖಂಡಿತ ಲೋಪ.

ಕೊನೆಯದಾಗಿ ಪ್ರಯೋಗ. ವಿಶ್ವವಿದ್ಯಾಲಯವೊಂದರ ಸಲಹಾ ಸಭೆ. ಶಾಲು, ಪೇಟ, ಹಣ್ಣಿನ ಬುಟ್ಟಿಗಳಾದ ಮೇಲೆ, ಗೋಡಂಬಿ ತಟ್ಟೆ ಇನ್ನೂ ಸುತ್ತುತ್ತಿರುವಾಗ ವಿದ್ಯಾರ್ಥಿನಿ ಎರಡನೆಯ ಸ್ಲೈಡಿಗೆ ಬಂದಳು. ಅಲ್ಲಿಗೆ ಆಕೆಯ ಭಾಗ ಮುಗಿದು, ‘ನಾನು ಆಯುಕ್ತನಾಗಿದ್ದಾಗ’ ಎಂಬ ಉಪಾಖ್ಯಾನ ಶುರುವಾಯಿತು. ಮಾಜಿ ಆಯುಕ್ತರು ಉಸಿರು ತೆಗೆದುಕೊಂಡ ಒಂದು ಎಡೆಯಲ್ಲಿ ಆಕೆ ಹೇಳಿದಳು: “ಸರ್, ಹಳೇ ಗ್ರಾಮ ನಕ್ಷೆ ಸಿಗ್ತಾನೇ ಇಲ್ಲ. ಕಾಲುವೆ ಎಲ್ಲಿತ್ತು ಅಂತ ಗೊತ್ತಾಗದೆ ನೀರು ಹರಿಯೋ ಮಾದರಿ ಮುಂದಕ್ಕೆ ಹೋಗಲ್ಲ. ಕೇಳಿದ್ರೆ ಕಡತ ಇಲ್ಲ ಅಂತಾರೆ.”

“ಯಾರಮ್ಮಾ ಇಲ್ಲ ಅನ್ನೋದು?” ಎಂದವರೇ ಫೋನ್ ತೆಗೆದರು. “ನಾನು ಕಣಯ್ಯಾ... ಹಿಂದಿನ ಕೋಣೆ ಬೀರು. ಕೆಳಗಿನ ಅರೆ. ಕೆಂಪು ದಾರ ಕಟ್ಟಿರೋದು. ಹೂಂ, ಅದೇ, ನಾನೇ ಇಡಿಸಿದ್ದು.”

ಸಭೆಯ ಊಟ ಮುಗಿಯುವಷ್ಟರಲ್ಲಿ ನಕ್ಷೆ ಬಂತು. ಇದೇ ಸಿದ್ಧಾಂತ: ಮಾಜಿಯ ಅನುಭವ ಸಂಶೋಧನೆಗೆ ಒದಗುವುದು ಜ್ಞಾನದ ರೂಪದಲ್ಲಲ್ಲ, ಬೀರುವಿನ ವಿಳಾಸದ ರೂಪದಲ್ಲಿ. ಸ್ವತಃ ಬಚ್ಚಿಟ್ಟವರಲ್ಲದೆ ಬೇರಾರೂ ಈ ಸೇವೆ ಸಲ್ಲಿಸಲಾರರು.

ಮಾಜಿ ಆಯುಕ್ತರು ಕನ್ನಡಕ ಏರಿಸಿ ನಕ್ಷೆಯ ಮೇಲೆ ಬೆರಳಾಡಿಸುತ್ತ ಹೋದರು. ಒಂದು ಸರ್ವೆ ನಂಬರಿನ ಹತ್ತಿರ ಬೆರಳು ನಿಂತಿತು.

“ಏನಮ್ಮಾ, ನೀನು ಅಳೆಯೋದು ನಡುವಿನಿಂದ ತಾನೆ?”

“ಅಂಚಿನಿಂದ, ಸರ್.”

ಮಂಡಳಿಯ ಮುಂದಿನ ಸಭೆಯ ದಿನಾಂಕವನ್ನು ನಂತರ ತಿಳಿಸಲಾಗುವುದು.