ಮಾರುತಿ ಎಂಟುನೂರರ ಮಹಾತ್ಮೆ

1983ಕ್ಕೆ ಮೊದಲು ಭಾರತದಲ್ಲಿ ಕಾರು ಕೊಳ್ಳಬಯಸುವವನಿಗೆ ಹಣಕ್ಕಿಂತ ಮಿಗಿಲಾಗಿ ಬೇಕಾಗಿದ್ದುದು ದೀರ್ಘಾಯುಷ್ಯ. ಯಾವ ಕಾರ್ಖಾನೆ ವರ್ಷಕ್ಕೆ ಎಷ್ಟು ವಾಹನಗಳನ್ನು ತಯಾರಿಸಬೇಕೆಂಬುದನ್ನು ಸರ್ಕಾರವೇ ಗೊತ್ತುಮಾಡುತ್ತಿದ್ದ ಏರ್ಪಾಟಿನಲ್ಲಿ, ಅಂದರೆ ಅರ್ಥಶಾಸ್ತ್ರಜ್ಞರು ಲೈಸೆನ್ಸ್ ರಾಜ್ ಎಂದು ಕರೆಯುವ ವ್ಯವಸ್ಥೆಯಲ್ಲಿ, ಕಾರು ವಿಲಾಸದ ವಸ್ತುವೆನಿಸಿದ್ದುದರಿಂದ, ಅದನ್ನು ಬಯಸಿದ ತಪ್ಪಿಗೆ ಪ್ರಜೆಯು ವರ್ಷಗಟ್ಟಲೆ ಸರದಿಯಲ್ಲಿ ಕಾದು ಪ್ರಾಯಶ್ಚಿತ್ತ ಮಾಡಿಕೊಳ್ಳಬೇಕಾಗಿತ್ತು. ಪ್ರಾಯಶ್ಚಿತ್ತ ಮುಗಿದ ಮೇಲೆ ಲಭಿಸುತ್ತಿದ್ದ ವರಗಳು ಮುಖ್ಯವಾಗಿ ಎರಡು: ಬ್ರಿಟನ್ನಿನ ಮೋರಿಸ್ ಆಕ್ಸ್‌ಫರ್ಡ್‌ನ ಅಚ್ಚಿನಲ್ಲಿ ಕಲ್ಕತ್ತೆಯ ಬಳಿಯ ಉತ್ತರಪಾಡಾದಲ್ಲಿ ತಯಾರಾಗುತ್ತಿದ್ದ ಅಂಬಾಸಿಡರ್ ಮತ್ತು ಇಟಲಿಯ ಫಿಯಟ್ 1100ರ ಅಚ್ಚಿನಲ್ಲಿ ಮುಂಬಯಿಯ ಕುರ್ಲಾದಲ್ಲಿ ತಯಾರಾಗುತ್ತಿದ್ದ ಪ್ರೀಮಿಯರ್ ಪದ್ಮಿನಿ. ಎರಡರ ಮೂಲವೂ 1950ರ ದಶಕದಲ್ಲಿದ್ದುದರಿಂದ, ಮದುವೆಯ ಹೊಸತರಲ್ಲಿ ಹೆಸರು ಬರೆಸಿದವನು ಮಗುವನ್ನು ಶಾಲೆಗೆ ಸೇರಿಸುವ ಹೊತ್ತಿಗೆ ಹೊಚ್ಚಹೊಸ ಕಾರನ್ನು ಮನೆಗೆ ತಂದರೂ, ಅದು ಹುಟ್ಟುತ್ತಲೇ ಹಿರಿಯ ನಾಗರಿಕನಾಗಿರುತ್ತಿತ್ತು.

ಇಂತಹ ಕಾರಿನ ಒಡೆತನವು ಹೆಸರಿಗಷ್ಟೇ ಮಾಲೀಕನದಾಗಿದ್ದು, ವಾಸ್ತವದಲ್ಲಿ ಅದು ತ್ರಿಮೂರ್ತಿಗಳ ವಶದಲ್ಲಿರುತ್ತಿತ್ತು. ಅವರಲ್ಲಿ ಮೊದಲನೆಯವನು ಸ್ಟಿಯರಿಂಗ್ ಕಂಬಕ್ಕೆ ಹೊಂದಿಕೊಂಡ ಗೇರ್ ಕಡ್ಡಿಯ ಗುಟ್ಟನ್ನು ಬಲ್ಲ ಚಾಲಕ. ಎರಡನೆಯವನು ಕಾರಿನ ಕಾಯಿಲೆಯ ಜೊತೆಗೆ ಮಾಲೀಕನ ಸಂಬಳ, ಸಾಲ ಮತ್ತು ಭವಿಷ್ಯ ನಿಧಿಯ ಸ್ಥಿತಿಗತಿಯನ್ನೂ ಕರಾರುವಾಕ್ಕಾಗಿ ತಿಳಿದಿದ್ದ ಗ್ಯಾರೇಜಿನ ಮೇಸ್ತ್ರಿ. ಮೂರನೆಯದು, ಚಳಿಗಾಲದ ಬೆಳಗಿನಲ್ಲಿ ಕಾರನ್ನು ತಳ್ಳಿಕೊಡಲು ಸದಾ ಸನ್ನದ್ಧವಾಗಿರಬೇಕಾಗಿದ್ದ ನೆರೆಹೊರೆ. ಅಕ್ಕಪಕ್ಕದವರೊಡನೆ ಮಾತು ಬಿಟ್ಟವನಿಗೆ ಆ ಕಾಲದಲ್ಲಿ ಕಾರು ಇಟ್ಟುಕೊಳ್ಳುವುದು ಸಾಧ್ಯವೇ ಇರಲಿಲ್ಲ.

ಸಣ್ಣ ಮತ್ತು ಅಗ್ಗದ ಕಾರಿನ ಕನಸು ಬೆಂಗಳೂರಿಗೂ ಬಿದ್ದಿತ್ತೆಂಬುದನ್ನು ಇಲ್ಲಿ ಮರೆಯಬಾರದು. 1970ರ ದಶಕದಲ್ಲಿ ಈ ನಗರದಲ್ಲಿ ತಯಾರಾದ ಬಾದಲ್ ಎಂಬ ವಾಹನವು ಉಕ್ಕಿನ ಬದಲು ಫೈಬರ್ ಗ್ಲಾಸ್, ಅಂದರೆ ಗಾಜಿನ ಎಳೆಗಳನ್ನು ರಾಳದಲ್ಲಿ ಕೂಡಿಸಿ ಮಾಡಿದ ಹಗುರವಾದ ಮೈಯನ್ನು ಹೊಂದಿದ್ದಲ್ಲದೆ, ಮಿತವ್ಯಯವನ್ನು ತಾರ್ಕಿಕ ಕೊನೆಯವರೆಗೆ ಕೊಂಡೊಯ್ದು ನಾಲ್ಕನೆಯ ಚಕ್ರವನ್ನೇ ಉಳಿತಾಯ ಮಾಡಿತ್ತು. 1980ರ ದಶಕದ ಆರಂಭದಲ್ಲಿ ಸಿಪಾನಿ ಆಟೊಮೊಬೈಲ್ಸ್ ಹೊರತಂದ ಡಾಲ್ಫಿನ್ ಬ್ರಿಟನ್ನಿನ ರಿಲಯಂಟ್ ಕಿಟನ್ ಎಂಬ ಕಾರನ್ನು ಆಧರಿಸಿದ್ದು, ನಾಲ್ಕು ಚಕ್ರಗಳ ಔದಾರ್ಯವನ್ನು ತೋರಿದರೂ ಬಾಗಿಲುಗಳನ್ನು ಎರಡಕ್ಕೇ ನಿಲ್ಲಿಸಿತು. ಸಂಸಾರವಂದಿಗರು ಹಿಂದಿನ ಸೀಟಿಗೆ ಅಜ್ಜಿಯನ್ನು ಹತ್ತಿಸುವ ಬಗೆ ಹೇಗೆಂದು ಚಿಂತಿಸುತ್ತಿರುವಾಗಲೇ ಉತ್ತರದಲ್ಲಿ ಇತಿಹಾಸ ಬೇರೆ ದಾರಿ ಹಿಡಿದಿತ್ತು.

ಆ ಇತಿಹಾಸದ ಆರಂಭವು ಶುಭಸೂಚಕವಾಗಿರಲಿಲ್ಲ. ಜನಸಾಮಾನ್ಯರಿಗೆ ದೇಶೀಯ ಕಾರನ್ನು ಕೊಡುವೆನೆಂದು ಸಂಜಯ ಗಾಂಧಿಯವರು 1971ರಲ್ಲಿ ಆರಂಭಿಸಿದ ಮಾರುತಿ ಕಂಪನಿಯು ಲೋಕಸಭೆಯಲ್ಲಿ ಹಲವು ಚರ್ಚೆಗಳನ್ನು ಉತ್ಪಾದಿಸಿತೇ ಹೊರತು ಮಾರಾಟಕ್ಕೆ ಕಾರುಗಳನ್ನು ಉತ್ಪಾದಿಸಲಾಗದೆ ಆ ದಶಕ ಮುಗಿಯುವುದರೊಳಗೆ ಬಾಗಿಲು ಹಾಕಿತು. 1980ರಲ್ಲಿ ಅವರ ಮರಣಾನಂತರ ಸರ್ಕಾರವು ಅದನ್ನು ರಾಷ್ಟ್ರೀಕರಿಸಿ, 1981ರಲ್ಲಿ ಮಾರುತಿ ಉದ್ಯೋಗ್ ಲಿಮಿಟೆಡ್ ಎಂಬ ಹೊಸ ಸಂಸ್ಥೆಯನ್ನು ಸ್ಥಾಪಿಸಿತು. ನಷ್ಟದಲ್ಲಿ ಮುಳುಗಿದ ಕಂಪನಿಯನ್ನು ಸರ್ಕಾರ ವಹಿಸಿಕೊಂಡರೆ ಮುಂದೇನಾಗುತ್ತದೆಂಬುದು ಪ್ರಜೆಗಳಿಗೆ ಅನುಭವದಿಂದ ತಿಳಿದಿದ್ದ ವಿಷಯವಾಗಿದ್ದರೂ, ಈ ಸಂದರ್ಭದಲ್ಲಿ ಅನುಭವವು ಸುಳ್ಳಾಯಿತು. ಬಿಎಚ್‌ಇಎಲ್‌ನಲ್ಲಿ ಹೆಸರು ಮಾಡಿದ್ದ ವಿ. ಕೃಷ್ಣಮೂರ್ತಿಯವರೂ ಐಎಎಸ್ ಅಧಿಕಾರಿಯಾಗಿದ್ದ ಆರ್. ಸಿ. ಭಾರ್ಗವ ಅವರೂ ಮುಂದಾಳುಗಳಾಗಿದ್ದ ಈ ಸಂಸ್ಥೆ 1982ರ ಅಕ್ಟೋಬರಿನಲ್ಲಿ ಜಪಾನಿನ ಸುಜುಕಿ ಕಂಪನಿಯೊಡನೆ ಒಪ್ಪಂದ ಮಾಡಿಕೊಂಡು, ಆ ಕಂಪನಿಗೆ ಶೇ. 26ರಷ್ಟು ಪಾಲು ನೀಡಿತು. ಗುರಗಾಂವಿನ ಕಾರ್ಖಾನೆಯಲ್ಲಿ ಅಧಿಕಾರಿಗೂ ಕಾರ್ಮಿಕನಿಗೂ ಒಂದೇ ಸಮವಸ್ತ್ರ ಮತ್ತು ಒಂದೇ ಕ್ಯಾಂಟೀನು ಎಂಬ ಜಪಾನೀ ಪದ್ಧತಿ ಜಾರಿಗೆ ಬಂದಿತು. ಕುರ್ಚಿಯ ಬೆನ್ನಿಗೆ ಟವಲು ಹಾಸಿ ಪ್ರತ್ಯೇಕ ಕೊಠಡಿಯಲ್ಲಿ ಕೂರುವುದೇ ಅಧಿಕಾರದ ಲಕ್ಷಣವೆಂದು ನಂಬಿದ್ದ ದೇಶದಲ್ಲಿ ಇದು ಕಾರಿಗಿಂತ ದೊಡ್ಡ ಕ್ರಾಂತಿಯೆಂದೇ ಹೇಳಬೇಕು.

1983ರ ಡಿಸೆಂಬರ್ 14ರಂದು ಪ್ರಧಾನಿ ಇಂದಿರಾ ಗಾಂಧಿಯವರು ಮೊದಲ ಮಾರುತಿ 800ರ ಕೀಲಿಯನ್ನು, ಚೀಟಿ ಎತ್ತುವ ಮೂಲಕ ಆಯ್ಕೆಯಾಗಿದ್ದ ಇಂಡಿಯನ್ ಏರ್‌ಲೈನ್ಸ್ ನೌಕರ, ದೆಹಲಿಯ ಹರಪಾಲ್ ಸಿಂಗ್ ಅವರಿಗೆ ಹಸ್ತಾಂತರಿಸಿದರು. ಐವತ್ತು ಸಾವಿರ ರೂಪಾಯಿಯ ಆಸುಪಾಸಿನ ಬೆಲೆಯ ಆ ಕಾರನ್ನು ಅವರು 2010ರಲ್ಲಿ ತೀರಿಕೊಳ್ಳುವವರೆಗೂ ಮಾರಲಿಲ್ಲ. ಅದೃಷ್ಟ ಚೀಟಿಯನ್ನು ನಂಬಿ ಕುಳಿತಿರಲಾರದವರಿಗೆ ಇನ್ನೊಂದು ಮಾರ್ಗವಿದ್ದು, ಅದನ್ನು ಅಂದಿನ ವ್ಯವಹಾರಸ್ಥರು ‘ಆನ್’ ಕೊಡುವುದು ಎನ್ನುತ್ತಿದ್ದರು. ಅಂದರೆ ಹಂಚಿಕೆಯಲ್ಲಿ ಕಾರು ಪಡೆದವನಿಗೆ ನಿಗದಿತ ಬೆಲೆಯ ಮೇಲೆ ಗಣನೀಯ ಮೊತ್ತವನ್ನು ತೆತ್ತು, ಚಕ್ರಕ್ಕೆ ಮಣ್ಣು ತಾಗುವ ಮುನ್ನವೇ ಕಾರನ್ನು ಕೊಂಡುಕೊಳ್ಳುವುದು. ಹೊಸದಕ್ಕಿಂತ ಸೆಕೆಂಡ್ ಹ್ಯಾಂಡ್ ದುಬಾರಿಯಾಗುವ ಈ ವಿಚಿತ್ರ ವ್ಯವಹಾರದಲ್ಲಿ, ದೇಶದ ಅಗ್ಗದ ಕಾರನ್ನು ಅಗ್ಗವಾಗಿ ಪಡೆದವರು ಭಾಗ್ಯವಂತರು ಮಾತ್ರ.

ಯಂತ್ರವನ್ನು ಪರಿಶೀಲಿಸಿದರೆ ಈ ಹುಚ್ಚಿಗೆ ಕಾರಣ ಮೇಲ್ನೋಟಕ್ಕೆ ಕಾಣುವುದಿಲ್ಲ. 796 ಸಿಸಿ ಸಾಮರ್ಥ್ಯದ, ಮೂರು ಸಿಲಿಂಡರುಗಳ ಪುಟ್ಟ ಎಂಜಿನ್, ನಾಲ್ಕು ಗೇರು, ಹನ್ನೆರಡು ಅಂಗುಲದ ಚಕ್ರಗಳು ಮತ್ತು ಇಬ್ಬರು ಗಟ್ಟಿಮುಟ್ಟಾದವರು ಒಂದು ಬದಿಯನ್ನು ಎತ್ತಿಬಿಡಬಹುದೆಂಬ ಅನುಮಾನ ಹುಟ್ಟಿಸುವ ತೂಕ ಇಷ್ಟೇ ಅದರ ಬಂಡವಾಳವಾಗಿತ್ತು. ಅಂಬಾಸಿಡರಿನ ಪರಂಪರೆಯವರು ಇದನ್ನು ಬೆಂಕಿಪೊಟ್ಟಣವೆಂದು ಜರೆದರು. ಆದರೆ ಎಂಜಿನ್ನನ್ನು ಅಡ್ಡಲಾಗಿ ಕೂರಿಸಿ ಮುಂದಿನ ಚಕ್ರಗಳಿಗೇ ಶಕ್ತಿ ಹಾಯಿಸುವ ವಿನ್ಯಾಸದಿಂದಾಗಿ, ಹಿಂದಿನ ಚಕ್ರಗಳವರೆಗೆ ಚಾಚಿಕೊಳ್ಳುವ ಉದ್ದನೆಯ ದಂಡವು ಅನಗತ್ಯವಾಗಿ, ಅಷ್ಟು ಚಿಕ್ಕ ಒಡಲಿನಲ್ಲೂ ಒಂದು ಸಂಸಾರ ಕೂರುವಷ್ಟು ಜಾಗ ಉಳಿಯಿತು. ಎಲ್ಲಕ್ಕಿಂತ ಮುಖ್ಯವಾದ ವಿಷಯವೆಂದರೆ, ಬೆಳಗ್ಗೆ ಚೋಕ್ ಎಳೆದು, ಅಂದರೆ ತಣ್ಣಗಿರುವ ಎಂಜಿನ್ನಿಗೆ ಗಾಳಿ ಕಡಿಮೆ ಮಾಡಿ ಪೆಟ್ರೋಲಿನ ಪ್ರಮಾಣವನ್ನು ಹೆಚ್ಚಿಸುವ ಗುಂಡಿಯನ್ನು ಎಳೆದು, ಕೀಲಿ ತಿರುಗಿಸಿದರೆ ಕಾರು ಸ್ಟಾರ್ಟ್ ಆಗುತ್ತಿತ್ತು. ಕಾರು ಇರುವುದೇ ಸ್ಟಾರ್ಟ್ ಆಗುವುದಕ್ಕೆ ಎಂಬ ಕಲ್ಪನೆಯು ಭಾರತೀಯ ವಾಹನ ಮಾಲೀಕನಿಗೆ ಆವರೆಗೆ ಪರಿಚಿತವಾಗಿರಲಿಲ್ಲ.

ಇದರಿಂದ ತ್ರಿಮೂರ್ತಿಗಳ ಆಳ್ವಿಕೆ ಕುಸಿಯಿತು. ನೆರೆಹೊರೆಯ ತಳ್ಳುವ ಹಕ್ಕು ರದ್ದಾಯಿತು. ಮೇಸ್ತ್ರಿಯ ದರ್ಶನ ಅಪರೂಪವಾಯಿತು. ಚಾಲಕನ ಸ್ಥಾನವಂತೂ ಸ್ಥಳಾಭಾವದಿಂದಲೇ ಕೊನೆಗೊಂಡಿತು. ಅಂಬಾಸಿಡರಿನಲ್ಲಿ ಯಜಮಾನನು ಹಿಂದಿನ ಸೀಟಿನಲ್ಲಿ ಕಾಲು ಚಾಚಿ ಕುಳಿತು ಪತ್ರಿಕೆ ಓದುವುದು ವಾಡಿಕೆಯಾಗಿದ್ದರೆ, ಎಂಟುನೂರರ ಹಿಂದಿನ ಸೀಟಿನಲ್ಲಿ ಕುಳಿತ ಉದ್ದನೆಯ ಯಜಮಾನನ ಮೊಣಕಾಲು ಪತ್ರಿಕೆಯ ಜಾಗವನ್ನು ಆಕ್ರಮಿಸುತ್ತಿದ್ದುದರಿಂದ, ಅವನು ಘನತೆಯನ್ನು ಉಳಿಸಿಕೊಳ್ಳಲು ತಾನೇ ಸ್ಟಿಯರಿಂಗ್ ಹಿಡಿಯಬೇಕಾಯಿತು. ಸ್ಟಿಯರಿಂಗು ಹಗುರವಾಗಿಯೂ ಗೇರು ಕೈಗೆಟಕುವಂತೆ ನೆಲದಲ್ಲಿಯೂ ಇದ್ದುದರಿಂದ, ಯಜಮಾನನು ಕಚೇರಿಗೆ ಹೋದ ವೇಳೆಯಲ್ಲಿ ಯಜಮಾನಿಯೂ ಅದನ್ನು ಕಲಿತಳು. ಕಲಿತವಳು ಸಾಮಾನ್ಯವಾಗಿ ಅವನಿಗಿಂತ ಚೆನ್ನಾಗಿ ಓಡಿಸಿದಳೆಂಬ ಸಂಗತಿಯನ್ನು ಕುಟುಂಬದ ಅಧಿಕೃತ ಇತಿಹಾಸಗಳು ದಾಖಲಿಸಿಲ್ಲ. ಡ್ರೈವಿಂಗ್ ಸ್ಕೂಲುಗಳು ಇದನ್ನೇ ಪಠ್ಯಪುಸ್ತಕವಾಗಿ ಆರಿಸಿಕೊಂಡು, ಬೋಧಕರ ಕಾಲಡಿಗೂ ಕ್ಲಚ್ಚು ಬ್ರೇಕುಗಳನ್ನು ಅಳವಡಿಸಿದವು. ಒಂದಿಡೀ ತಲೆಮಾರು ತಾನೇ ಕಾರು ನಿಲ್ಲಿಸಿದೆನೆಂದು ಭಾವಿಸಿ ಲೈಸೆನ್ಸ್ ಪಡೆದದ್ದು ಈ ಜೋಡಿ ಬ್ರೇಕುಗಳ ಕೃಪೆಯಿಂದ.

ಮಾಲೀಕರ ಅನುಭವಗಳನ್ನು ವರ್ಗೀಕರಿಸುವಾಗ ಮೊದಲ ಸ್ಥಾನವನ್ನು ಮೈಲೇಜ್ ಶಾಸ್ತ್ರಕ್ಕೆ ಕೊಡಬೇಕಾಗುತ್ತದೆ. ಮೈಲೇಜ್ ಎಂದರೆ ಒಂದು ಲೀಟರ್ ಪೆಟ್ರೋಲಿಗೆ ಕಾರು ಕ್ರಮಿಸುವ ಕಿಲೋಮೀಟರುಗಳ ಸಂಖ್ಯೆ. ಟ್ಯಾಂಕನ್ನು ಕಂಠಪೂರ್ತಿ ತುಂಬಿಸಿ, ಓಡಾಡಿ, ಮತ್ತೆ ಕಂಠಪೂರ್ತಿ ತುಂಬಿಸಿ, ಎರಡನೆಯ ಬಾರಿ ಹಿಡಿಸಿದ ಲೀಟರುಗಳಿಂದ ಓಡಿದ ದೂರವನ್ನು ಭಾಗಿಸುವುದು ಇದರ ಅಂಗೀಕೃತ ವಿಧಾನವಾದರೂ, ಮದುವೆಮನೆಯ ಊಟದ ಪಂಕ್ತಿಯಲ್ಲಿ ಪ್ರಕಟವಾಗುವ ಅಂಕಿಗಳು ಈ ವಿಧಾನದಿಂದ ಬಂದವಲ್ಲ. ಅವು ಪಕ್ಕದ ಎಲೆಯವನು ಹೇಳಿದ ಅಂಕಿಗೆ ಒಂದನ್ನು ಕೂಡಿಸಿದಾಗ ಲಭಿಸುವಂಥವು. ಈ ಶಾಸ್ತ್ರದ ತೀವ್ರವಾದಿಗಳು ಘಾಟಿ ಇಳಿಯುವಾಗ ಗೇರನ್ನು ನ್ಯೂಟ್ರಲ್ಲಿಗೆ ಹಾಕಿ ಪೆಟ್ರೋಲ್ ಉಳಿಸುವರು. ಗೇರಿನಲ್ಲಿರುವ ಎಂಜಿನ್ ತಾನೂ ವೇಗವನ್ನು ತಡೆಯುತ್ತದೆಂಬುದನ್ನೂ, ಅದನ್ನು ಬಿಡಿಸಿದರೆ ಭಾರವೆಲ್ಲ ಬ್ರೇಕುಗಳ ಮೇಲೆ ಬಿದ್ದು ಅವು ಕಾದು ಹಿಡಿತ ಕಳೆದುಕೊಳ್ಳಬಹುದೆಂಬುದನ್ನೂ ಅವರಿಗೆ ತಿಳಿಸಿದರೆ, ಇಷ್ಟು ವರ್ಷಗಳಲ್ಲಿ ಏನೂ ಆಗಿಲ್ಲವೆಂಬ, ತರ್ಕಶಾಸ್ತ್ರದಲ್ಲಿ ಸ್ಥಾನವಿಲ್ಲದಿದ್ದರೂ ವಾದದಲ್ಲಿ ಸೋಲದ ಉತ್ತರ ಬರುತ್ತದೆ.

ಎರಡನೆಯದು ಧಾರಣಶಕ್ತಿಯ ಪ್ರಶ್ನೆ. ಆರ್‌ಸಿ ಪುಸ್ತಕದ ಪ್ರಕಾರ ಕಾರಿನಲ್ಲಿ ಕೂರಬಹುದಾದವರ ಸಂಖ್ಯೆ ಒಂದಾದರೆ, ಧರ್ಮಸ್ಥಳಕ್ಕೆ ಹೊರಡುವ ಬೆಳಗ್ಗೆ ಕಂಡುಬರುವ ಸಂಖ್ಯೆ ಬೇರೆ. ಮಕ್ಕಳನ್ನು ಜನಗಣತಿಯಲ್ಲಿ ಸೇರಿಸುವುದುಂಟೇ ಹೊರತು ಸೀಟುಗಳ ಲೆಕ್ಕದಲ್ಲಿ ಸೇರಿಸುವ ಪದ್ಧತಿ ಇಲ್ಲ. ಡಿಕ್ಕಿಯಲ್ಲಿ, ಅಂದರೆ ಹಿಂಬದಿಯ ಸಾಮಾನು ಜಾಗದಲ್ಲಿ, ಸ್ಟೆಪ್ನಿ ಚಕ್ರ, ಬುತ್ತಿ, ಜಮಖಾನ ಮತ್ತು ವಾಂತಿ ಮಾಡಿಕೊಳ್ಳುವ ಸೋದರಳಿಯನಿಗಾಗಿ ಒಂದು ಬಕೆಟ್ಟು ಸಹಬಾಳ್ವೆ ನಡೆಸುತ್ತವೆ. ಈ ಸಮಸ್ತ ಗೋತ್ರವನ್ನು ಹೊತ್ತ ಕಾರು ಹಿಂದಿರುಗುತ್ತ ಚಾರ್ಮಾಡಿ ಅಥವಾ ಶಿರಾಡಿ ಘಾಟಿ ಏರುವಾಗ ಒಂದು ಸಂಪ್ರದಾಯ ಆಚರಣೆಗೆ ಬರುತ್ತದೆ: ಚಾಲಕನು ಎಸಿ ಆರಿಸುತ್ತಾನೆ. ಹವಾನಿಯಂತ್ರಕದ ಕಂಪ್ರೆಸರು ಎಂಜಿನ್ನಿನ ಶಕ್ತಿಯಿಂದಲೇ ತಿರುಗುವುದರಿಂದ, ಪುಟ್ಟ ಎಂಜಿನ್ನಿಗೆ ತಂಪು ಮತ್ತು ಎತ್ತರ ಎರಡನ್ನೂ ಏಕಕಾಲಕ್ಕೆ ಒದಗಿಸುವುದು ಕಷ್ಟವೆಂಬುದು ಇದರ ವೈಜ್ಞಾನಿಕ ಹಿನ್ನೆಲೆ. ಆಗ ಕಿಟಕಿ ಇಳಿಸಿದ ಹಿರಿಯರು, ಘಾಟಿಯ ಗಾಳಿಯ ಮುಂದೆ ಎಸಿ ಯಾವ ಲೆಕ್ಕವೆಂದು ಹೇಳಿ, ಕಾರಿನ ಮರ್ಯಾದೆಯನ್ನು ಕಾಪಾಡುತ್ತಾರೆ.

ಈ ಮರ್ಯಾದೆಯ ರಕ್ಷಣೆಯೇ ಎಂಟುನೂರರ ಮಾಲೀಕತ್ವದ ತಿರುಳು. ಶೋರೂಮಿನಿಂದ ಬಂದ ಸೀಟುಗಳ ಪ್ಲಾಸ್ಟಿಕ್ ಹೊದಿಕೆಯನ್ನು ವರ್ಷಗಳ ಕಾಲ ತೆಗೆಯದೆ, ಬೇಸಿಗೆಯಲ್ಲಿ ಅದರ ಮೇಲೆ ಬೆಂದರೂ ಹೊಸತನವನ್ನು ಉಳಿಸಿಕೊಳ್ಳುವುದು ಇದರ ಒಂದು ಲಕ್ಷಣ. ಆಯುಧಪೂಜೆಯ ದಿನ ಇದು ಪರಾಕಾಷ್ಠೆಗೆ ಮುಟ್ಟುತ್ತದೆ: ಬೆಳಗಿನಿಂದ ಮೈತೊಳೆಸಿಕೊಂಡು, ವಿಭೂತಿ ಪಟ್ಟೆ ಬಳಿಸಿಕೊಂಡು, ಇಕ್ಕೆಲದಲ್ಲಿ ಬಾಳೆಕಂದು ಕಟ್ಟಿಸಿಕೊಂಡ ಕಾರಿನ ಮುಂಗಾಜು ಚೆಂಡುಹೂವಿನ ಹಾರಗಳಿಂದ ಪೂರ್ತಿ ಮುಚ್ಚಿಹೋಗಿ, ಪೂಜೆಯ ಬಳಿಕ ನಿಂಬೆಹಣ್ಣುಗಳ ಮೇಲೆ ಅದನ್ನು ಹಾಯಿಸಬೇಕಾದವನು ರಸ್ತೆಯನ್ನು ಭಕ್ತಿಯಿಂದಲೇ ಊಹಿಸಬೇಕಾಗುತ್ತದೆ. ಪಕ್ಕದ ಮನೆಯ ದೊಡ್ಡ ಕಾರಿಗೂ ಇದಕ್ಕೂ ಒಂದೇ ಅಳತೆಯ ಬೂದುಗುಂಬಳಕಾಯಿಯನ್ನು ಒಡೆಯುತ್ತಾರೆಂಬುದು ಗಮನಾರ್ಹ. ಬೆಲೆಯನ್ನು ನೋಡಿ ದೃಷ್ಟಿ ತಾಗುವುದಿಲ್ಲ.

ಕೊನೆಯ ಅಧ್ಯಾಯವಾದ ರೀಸೇಲ್, ಅಂದರೆ ಬಳಸಿದ ಕಾರಿನ ಮರುಮಾರಾಟದಲ್ಲಿ, ಒಂದು ವಿಶಿಷ್ಟ ಸಾಹಿತ್ಯ ಪ್ರಕಾರವೇ ಬೆಳೆದಿದೆ. ಅದರ ಪ್ರಕಾರ ಮಾರಾಟಕ್ಕಿರುವ ಪ್ರತಿಯೊಂದು ಎಂಟುನೂರನ್ನೂ ಒಬ್ಬನೇ ಮಾಲೀಕನು, ಅವನೂ ಬಹುಮಟ್ಟಿಗೆ ವೈದ್ಯನಾಗಿರುವವನು, ಭಾನುವಾರಗಳಂದು ಮಾತ್ರ ದೇವಸ್ಥಾನದವರೆಗೆ ಓಡಿಸಿರುತ್ತಾನೆ. ದೇಶದಲ್ಲಿ ವೈದ್ಯರ ಕೊರತೆಯಿದೆಯೆಂದು ವಾದಿಸುವವರು ಈ ಮೂಲವನ್ನು ಪರಿಶೀಲಿಸಿದಂತೆ ತೋರುವುದಿಲ್ಲ. ಹೀಗಿದ್ದರೂ ಕೊಂಡವನಿಗೆ ದೊಡ್ಡ ಮೋಸವಾಗುತ್ತಿರಲಿಲ್ಲ. ಬಿಡಿಭಾಗಗಳು ಸಣ್ಣ ಊರುಗಳಲ್ಲಿಯೂ ಸಿಗುತ್ತಿದ್ದುದರಿಂದ, ಬೆಂಗಳೂರಿನ ಕಾರ್ಖಾನೆಯ ನೌಕರನ ಬಳಿ ಸೇವೆ ಮುಗಿಸಿದ ಕಾರು ಮಲೆನಾಡಿನ ಅಡಿಕೆ ತೋಟಕ್ಕೆ ವರ್ಗವಾಗಿ, ಅಲ್ಲಿ ಗೊಬ್ಬರದ ಚೀಲ ಹೊರುವ ಎರಡನೆಯ ವೃತ್ತಿಜೀವನವನ್ನು ಗೊಣಗದೆ ಆರಂಭಿಸುತ್ತಿತ್ತು.

2004ರಲ್ಲಿ ಮಾರಾಟದ ಮೊದಲ ಸ್ಥಾನವನ್ನು ಅದೇ ಕಂಪನಿಯ ಆಲ್ಟೊ ವಶಪಡಿಸಿಕೊಂಡಿತು. 2010ರಲ್ಲಿ ಭಾರತ್ ಸ್ಟೇಜ್ 4 ಎಂಬ, ಹೊಗೆಯಲ್ಲಿನ ವಿಷಾಂಶಗಳಿಗೆ ಮಿತಿ ಹಾಕುವ ನಿಯಮಗಳು ಬಂದಾಗ ಬೆಂಗಳೂರು ಸೇರಿದಂತೆ ಹದಿಮೂರು ನಗರಗಳಲ್ಲಿ ಎಂಟುನೂರರ ಮಾರಾಟ ನಿಂತು, 2014ರ ಜನವರಿಯಲ್ಲಿ ತಯಾರಿಕೆಯೇ ಕೊನೆಗೊಂಡಿತು. ಅಷ್ಟರಲ್ಲಿ 28 ಲಕ್ಷಕ್ಕೂ ಮಿಕ್ಕಿದ ಕಾರುಗಳು ಹೊರಬಂದಿದ್ದವು.

ಇದರೊಡನೆ ಟಾಟಾ ನ್ಯಾನೊದ ಕಥೆಯನ್ನು ಹೋಲಿಸಿದರೆ ಗೆಲುವಿನ ಕಾರಣ ಸ್ಪಷ್ಟವಾಗುತ್ತದೆ. 2008ರಲ್ಲಿ ಪ್ರದರ್ಶಿತವಾಗಿ 2009ರಲ್ಲಿ ಮಾರುಕಟ್ಟೆಗೆ ಬಂದ ಒಂದು ಲಕ್ಷ ರೂಪಾಯಿಯ ಆ ಕಾರು, ಎಂಜಿನ್ನನ್ನು ಹಿಂಬದಿಯಲ್ಲಿಟ್ಟು ಮುಂಗಾಜಿಗೆ ಒಂದೇ ವೈಪರ್ ಕೊಟ್ಟು ವೆಚ್ಚ ತಗ್ಗಿಸಿದ ಜಾಣ್ಮೆಯ ವಿನ್ಯಾಸವಾಗಿದ್ದು, ಒಳಗಿನ ಜಾಗದಲ್ಲಿ ಎಂಟುನೂರನ್ನು ನಾಚಿಸುವಂತಿತ್ತು. ಆದರೆ ಅದು ಜಗತ್ತಿನಲ್ಲೇ ಅತ್ಯಂತ ಅಗ್ಗದ ಕಾರೆಂದು ಎಲ್ಲೆಡೆ ಡಂಗುರವಾಯಿತು. ಸ್ಕೂಟರಿನಿಂದ ಇಳಿದು ಕಾರು ಹತ್ತುವವನು ಮಳೆಯಿಂದ ರಕ್ಷಣೆಯನ್ನಷ್ಟೇ ಬಯಸುವುದಿಲ್ಲ, ಬೀದಿಯವರ ಕಣ್ಣಿನಲ್ಲಿ ಒಂದು ಮೆಟ್ಟಿಲು ಏರುವುದನ್ನೂ ಬಯಸುತ್ತಾನೆ. ಬೆಲೆಯ ಚೀಟಿಯನ್ನು ಹಣೆಗೆ ಅಂಟಿಸಿಕೊಂಡ ವಾಹನದಲ್ಲಿ ಆ ಮೆಟ್ಟಿಲು ಸಿಗಲಿಲ್ಲ. ಅಗ್ಗವೆಂಬ ಹಣೆಪಟ್ಟಿಯೇ ತಪ್ಪಾಯಿತೆಂದು ರತನ್ ಟಾಟಾ ಅವರೂ ಮುಂದೆ ಒಪ್ಪಿಕೊಂಡರು. 2018ರ ವೇಳೆಗೆ ಅದರ ತಯಾರಿಕೆ ಹೆಚ್ಚುಕಡಿಮೆ ನಿಂತುಹೋಯಿತು.

ಎಂಟುನೂರು ಸಹ ಅಗ್ಗದ ಕಾರೇ ಆಗಿತ್ತು. ಆದರೆ ಅದನ್ನು ಕೊಂಡವನಿಗೆ ಯಾರೂ ಹಾಗೆಂದು ನೆನಪಿಸಲಿಲ್ಲ, ಅವನಂತೂ ನೆನಪಿಟ್ಟುಕೊಳ್ಳಲಿಲ್ಲ. ಆದುದರಿಂದ ಇನ್ನು ಮುಂದೆ ಸಾಮಾನ್ಯನಿಗಾಗಿ ಕಾರು ತಯಾರಿಸಲು ಹೊರಡುವವರು ಒಂದು ವೈಪರನ್ನೋ ಒಂದು ಕನ್ನಡಿಯನ್ನೋ ಉಳಿಸಲಿ, ಅಡ್ಡಿಯಿಲ್ಲ. ಕೊಳ್ಳುವವನ ಮಾನವನ್ನು ಮಾತ್ರ ಉಳಿತಾಯದ ಪಟ್ಟಿಗೆ ಸೇರಿಸದಿದ್ದರೆ ಸಾಕು.